ಹೊಸ 2 ಫೂಟಿನ ಮೀನಿನ ತೊಟ್ಟಿ, ಮೂರನೇ ವಾರಕ್ಕೇ ಪಾಚಿ: ಬೋರ್ ನೀರಿಗೆ ಏನು ಉಪಾಯ?

ನವನಗರ_2ಫೂಟು

ಮೊದಲು ತೊಟ್ಟಿಯ ವಿವರ. ಅಳತೆ 24×12×12 ಇಂಚು, ಮರಳು, ಕಲ್ಲು, ಮೇಲಿನ ಖಾಲಿ ಜಾಗ ಬಿಟ್ಟರೆ ನೀರು 46 ಲೀಟರ್. ತಳಕ್ಕೆ 2 ಇಂಚು ಹೊಳೆ ಮರಳು, ನಾಲ್ಕೈದು ಬಿಳಿ ಕಲ್ಲು. 24 ವ್ಯಾಟ್ ಎಲ್‌ಇಡಿ, ಬೆಳಿಗ್ಗೆ 8ರಿಂದ ರಾತ್ರಿ 9ರ ತನಕ. ಒಳಗಿನ ಫಿಲ್ಟರ್, ತಾಸಿಗೆ 400 ಲೀಟರ್ ಎಂದು ಬರೆದಿದೆ. ಗಿಡ: ಕಲ್ಲಿಗೆ ಕಟ್ಟಿದ ಎರಡು ಅನುಬಿಯಾಸ್, ಒಂದು ಜಾವಾ ಫರ್ನ್, ಒಂದು ಹಿಡಿ ವ್ಯಾಲಿಸ್ನೇರಿಯಾ. ಮೀನು: 8 ಗಪ್ಪಿ, 4 ಮಾಲಿ. ನೀರು ತುಂಬಿ ಮೂರನೇ ದಿನಕ್ಕೆ ಬಿಟ್ಟಿದ್ದು. ನೀರು ಪೂರ್ತಿ ಬೋರಿಂದು.

ಈಗ ಗಾಜು, ಮರಳು ಎರಡಕ್ಕೂ ಕಂದು ಪುಡಿ ಹತ್ತಿದೆ. ಅನುಬಿಯಾಸ್ ಎಲೆಯ ಅಂಚಿಗೆ ಕಪ್ಪು ಕೂದಲಿನಂಥದ್ದು. ನೀರು ತಿಳಿ ಹಸಿರಿಗೆ ತಿರುಗುತ್ತಿದೆ. ಅಂಗಡಿಯಲ್ಲಿ ಪಾಚಿ ಕೊಲ್ಲುವ ನೀಲಿ ಔಷಧಿ ಹಾಕಿ, ಒಂದು ಸಕ್ಕರ್ ಮೀನು ಬಿಡಿ ಅಂದರು. ಎರಡನ್ನೂ ತರುವ ಮುಂಚೆ ಇಲ್ಲಿ ಕೇಳುತ್ತಿದ್ದೇನೆ.

ಸಾಧನಕೇರಿ_ಜಲಗಿಡ

ಎರಡನ್ನೂ ತರಬೇಡಿ. ನಿಮ್ಮಲ್ಲಿ ಇರುವುದು ಮೂರು ಬೇರೆ ಬೇರೆ ಪಾಚಿ, ಮೂರಕ್ಕೂ ಮೂಲ ಬೇರೆ.

ಕಂದು ಪುಡಿ ಡಯಾಟಮ್. ಬೆರಳಾಡಿಸಿದರೆ ಬಿಟ್ಟುಬರುತ್ತದೆ. ಇದರ ಕೋಶದ ಗೋಡೆಯೇ ಸಿಲಿಕಾದ್ದು. ನೀರಿನಲ್ಲಿ ಕರಗಿದ ಸಿಲಿಕೇಟ್ ಮತ್ತು ಹೊಸ ತೊಟ್ಟಿಯಲ್ಲಿ ಮೀನಿನ ಹೊಲಸಿನಿಂದ ಹುಟ್ಟುವ ಅಮೋನಿಯಾ ಸೇರಿದಾಗ ಹಬ್ಬುತ್ತದೆ. ಎರಡನೇ ವಾರದಲ್ಲಿ ಕಾಣಿಸಿ, ಸಾಮಾನ್ಯವಾಗಿ ಆರನೇ ವಾರದ ಹೊತ್ತಿಗೆ ತಾನೇ ಇಳಿಯುತ್ತದೆ. ನೀರು ಬದಲಿಸುವ ದಿನ ಗಾಜು ಒರೆಸಿ, ಮರಳಿನ ಮೇಲ್ಪದರವನ್ನು ಪೈಪಿನಿಂದ ಎಳೆಯಿರಿ, ಅಷ್ಟು ಸಾಕು. ಇದರ ಬಗ್ಗೆ ಚಿಂತೆ ಬೇಡ.

ಹಸಿರು ನೀರು ತೇಲುವ ಏಕಕೋಶ ಪಾಚಿ. ಅಮೋನಿಯಾ ಮತ್ತು ವಿಪರೀತ ಬೆಳಕು ಎರಡೂ ಇದ್ದಲ್ಲಿ ಬರುತ್ತದೆ. ನಿಮ್ಮಲ್ಲಿ ಎರಡೂ ಇವೆ.

ಕಪ್ಪು ಕೂದಲು ಕೆಂಪು ಪಾಚಿಯ ಜಾತಿ. ಒಂದು ಚೂರು ಕಿತ್ತು ಸ್ಪಿರಿಟ್‌ನಲ್ಲಿ ಅದ್ದಿ ನೋಡಿ, ಕೆಂಪಗಾದರೆ ಅದೇ. ಮೂರು ವಾರದಲ್ಲಿ ಇಷ್ಟು ಬೆಳೆಯುವುದಿಲ್ಲ, ಗಿಡದ ಜೊತೆಗೇ ಬಂದಿದೆ.

ಇನ್ನು ಬೆಳಕು. 24 ವ್ಯಾಟ್ ಎಲ್‌ಇಡಿ ಅಂದರೆ ಸುಮಾರು 2000 ಲ್ಯೂಮೆನ್. 46 ಲೀಟರಿಗೆ ಭಾಗಿಸಿದರೆ ಲೀಟರಿಗೆ 43. ಕಾರ್ಬನ್ ಡೈ ಆಕ್ಸೈಡ್ ಕೊಡದ, ನಿಧಾನ ಬೆಳೆಯುವ ಗಿಡಗಳ ತೊಟ್ಟಿಗೆ 15ರಿಂದ 20 ಸಾಕು. ಅನುಬಿಯಾಸ್ ಮತ್ತು ಜಾವಾ ಫರ್ನ್ ನೆರಳಿನ ಗಿಡಗಳು, ಅವುಗಳಿಗೆ ಬೇಕಾದ್ದು ನಿಮ್ಮ ಲೈಟಿನ ಮೂರನೆಯ ಒಂದು ಪಾಲು. ಉಳಿದ ಬೆಳಕು, ಅದೂ 13 ತಾಸು, ಪಾಚಿಯ ಪಾಲಿಗೆ ಹೋಗುತ್ತಿದೆ. ಇವತ್ತಿನಿಂದಲೇ 6 ತಾಸಿಗೆ ಇಳಿಸಿ. ಲೈಟನ್ನು ನೀರಿನಿಂದ 8 ಇಂಚು ಮೇಲೆತ್ತಿ, ಅದು ಆಗದಿದ್ದರೆ ಪಟ್ಟಿಯ ಅರ್ಧಕ್ಕೆ ಕಪ್ಪು ಟೇಪು ಹಚ್ಚಿ. ಡಿಮ್ಮರ್ ಇದ್ದರೆ 40% ಇಡಿ. ಕಿಟಕಿಯ ಬಿಸಿಲು ನೇರ ಬೀಳುತ್ತಿದ್ದರೆ ಆ ಬದಿಯ ಗಾಜಿಗೆ ಹೊರಗಿನಿಂದ ಕಪ್ಪು ಚಾರ್ಟ್ ಪೇಪರ್.

ಬೆಟಗೇರಿ_ಗಪ್ಪಿ

ಲೈಟು ಇಳಿಸೋದು ಖರೆ, ಆದ್ರ ಅದಕ್ಕಿಂತ ಮೊದಲು ಅಮೋನಿಯಾ ನೋಡ್ರಿ. ಮೂರನೇ ದಿನಕ್ಕ 12 ಮೀನು ಬಿಟ್ರ ಫಿಲ್ಟರ್ ಸ್ಪಂಜಿನ್ಯಾಗ ಅದನ್ನ ತಿನ್ನೋ ಬ್ಯಾಕ್ಟೀರಿಯಾ ಇನ್ನೂ ಇರೂದಿಲ್ಲ. ಅಮೋನಿಯಾ ನೈಟ್ರೈಟ್ ಆಗಿ, ನೈಟ್ರೈಟ್ ನೈಟ್ರೇಟ್ ಆಗಿ, ಈ ಸರಪಳಿ ಕೂಡಿಕೊಳ್ಳಾಕ 4ರಿಂದ 6 ವಾರ ಬೇಕು. ಅಲ್ಲೀತನ ಪಾಚಿಗೆ ಭರ್ತಿ ಊಟ.

ಬೋರ್ ನೀರಿನ ಪಿಎಚ್ 8ರ ಮ್ಯಾಲ ಇರ್ತೈತಿ, ಇದನ್ನ ಹಗುರ ತಗೋಬ್ಯಾಡ್ರಿ. 28 ಡಿಗ್ರಿ ನೀರಿನ್ಯಾಗ ಪಿಎಚ್ 7 ಇದ್ರ ಒಟ್ಟು ಅಮೋನಿಯಾದಾಗ ವಿಷದ ಪಾಲು 1% ಕ್ಕಿಂತ ಕಡಿಮಿ. ಪಿಎಚ್ 8.2 ಆದ್ರ ಅದು 10%. ಟೆಸ್ಟಿನ್ಯಾಗ ಅದ 1 ಪಿಪಿಎಂ (ಲೀಟರಿಗೆ 1 ಮಿಲಿಗ್ರಾಂ) ಬಂದ್ರೂ ನಮ್ಮ ಕಡೆ ನೀರಿನ್ಯಾಗ ಹತ್ತು ಪಟ್ಟು ಹೆಚ್ಚು ವಿಷ.

ಸದ್ಯಕ್ಕ ದಿನಾ ಬಿಟ್ಟು ದಿನ 14 ಲೀಟರ್ ನೀರು ಬದಲಿ ಮಾಡ್ರಿ. ಕಾಳು ಒಂದಿನ ಬಿಟ್ಟು ಒಂದಿನ, ಒಂದು ನಿಮಿಷದಾಗ ತಿಂದು ಮುಗಿಸುವಷ್ಟ. ಸ್ಪಂಜು ನಳದ ಕೆಳಗ ತೊಳಿಬ್ಯಾಡ್ರಿ, ತೊಟ್ಟಿಯಿಂದ ತೆಗೆದ ನೀರಿನ ಬಕೀಟಿನ್ಯಾಗ ಒಮ್ಮೆ ಹಿಂಡಿದ್ರ ಆತು. ಪರಿಚಯದವರ ಹಳೇ ತೊಟ್ಟಿ ಇದ್ರ ಅವರ ಸ್ಪಂಜಿನ ಒಂದು ತುಣುಕು ತರ್ರಿ, ಅದ ತೊಟ್ಟಿ ನೀರು ತುಂಬಿದ ಕವರಿನ್ಯಾಗ, ಒಣಗಲಾರದಂಗ. ನಿಮ್ಮ ಫಿಲ್ಟರ್ ಒಳಗ ಸೇರಿಸ್ರಿ. ಎಷ್ಟೋ ವಾರದ ಕೆಲಸ ಉಳೀತೈತಿ. ಆದ್ರ ಆ ತೊಟ್ಟಿ ಮೀನಿಗೆ ರೋಗ ಇರಬಾರದು.

ನವನಗರ_2ಫೂಟು

ಟೆಸ್ಟ್ ಮಾಡಿದೆ. ಅಮೋನಿಯಾ 1 ಪಿಪಿಎಂ, ನೈಟ್ರೈಟ್ 0.5, ನೈಟ್ರೇಟ್ 10, ಪಿಎಚ್ 8.2. ಬೋರಿನ ಟಿಡಿಎಸ್ (ನೀರಿನಲ್ಲಿ ಕರಗಿದ ಲವಣದ ಅಳತೆ) 940, ನಳದ್ದು 210. ನಳದ ನೀರು ದಿನಾ ಬರುವುದಿಲ್ಲ, ಸಂಪಿನಲ್ಲಿ ಹಿಡಿದಿಡುತ್ತೇವೆ. ಅದಕ್ಕೆ ಬದಲಾಯಿಸಬಹುದೇ? ಪಿಎಚ್ ಇಳಿಸುವ ಪುಡಿ ಹಾಕಲೇ?

ಕೇಶ್ವಾಪುರ_ಸಂಪು

ಪಿಎಚ್ ಪುಡಿ ಬೇಡ. ಬೋರ್ ನೀರಿನ ಕ್ಷಾರ ಗಟ್ಟಿ. ಪುಡಿ ಹಾಕಿದ ದಿನ ಇಳಿದು ಮರುದಿನ ಮೇಲೇರುತ್ತದೆ, ಮೀನಿಗೆ ಆ ಏರಿಳಿತವೇ ಹೆಚ್ಚಿನ ಪೆಟ್ಟು. ಗಪ್ಪಿ, ಮಾಲಿ, ವ್ಯಾಲಿಸ್ನೇರಿಯಾ ಮೂರೂ ಗಡಸು ನೀರನ್ನು ಇಷ್ಟಪಡುವಂಥವು. ನೀವು ಆರಿಸಿದ ಮೀನುಗಳು ನಿಮ್ಮ ನೀರಿಗೆ ಸರಿಯಾಗೇ ಇವೆ.

ನಳದ ನೀರು ಒಳ್ಳೆಯದು. ಹುಬ್ಬಳ್ಳಿ-ಧಾರವಾಡದ ನಳಕ್ಕೆ ಹೆಚ್ಚಿನ ಪಾಲು ಮಲಪ್ರಭೆಯದೇ ನೀರು, ನವಿಲುತೀರ್ಥದ ರೇಣುಕಾಸಾಗರದಿಂದ ಬಂದು ಅಮ್ಮಿನಭಾವಿಯಲ್ಲಿ ಶುದ್ಧವಾಗುತ್ತದೆ. ಬೋರ್ ನೀರಿಗಿಂತ ಲವಣ ಬಹಳ ಕಡಿಮೆ. ಆದರೆ 940ರಿಂದ 210ಕ್ಕೆ ಒಮ್ಮೆಲೇ ಜಿಗಿಯಬೇಡಿ. ಬದಲಿಸುವ 14 ಲೀಟರಿನಲ್ಲಿ ಮೊದಲ ವಾರ 4 ಲೀಟರ್ ನಳದ್ದು, ಆಮೇಲೆ 7, ಅಲ್ಲಿಗೆ ನಿಲ್ಲಿಸಿ. ಅರ್ಧಕ್ಕರ್ಧ ಮಿಶ್ರಣ ಗಪ್ಪಿಗೆ ಸಾಕಷ್ಟು ಗಡಸು, ಡಯಾಟಮ್‌ಗೆ ಸಿಗುವ ಸಿಲಿಕೇಟೂ ತಗ್ಗುತ್ತದೆ.

ಕ್ಲೋರಿನ್ ಮರೆಯಬೇಡಿ. ಮುಚ್ಚಿದ ಸಂಪಿನಲ್ಲಿ ಅದು ತಾನಾಗಿ ಬೇಗ ಹಾರುವುದಿಲ್ಲ. ಸಂಪಿಗೆ ಮನೆಯವರು ಬ್ಲೀಚಿಂಗ್ ಪೌಡರ್ ಹಾಕುವ ರೂಢಿ ಇದ್ದರೆ ಇನ್ನೂ ಜಾಗ್ರತೆ. ಅಗ್ಗದ ದಾರಿ ಸೋಡಿಯಂ ಥಯೋಸಲ್ಫೇಟ್ ಹರಳು, ಫೋಟೋದವರು ಹೈಪೋ ಅನ್ನುತ್ತಿದ್ದರಲ್ಲ, ಅದೇ. 10 ಗ್ರಾಂ ಹರಳನ್ನು ನೀರಿನಲ್ಲಿ ಕರಗಿಸಿ 100 ಮಿಲೀ ಮಾಡಿಟ್ಟುಕೊಳ್ಳಿ. 10 ಲೀಟರ್ ನೀರಿಗೆ ಒಂದೂವರೆ ಮಿಲೀ ಹಾಕಿದರೆ 2 ಪಿಪಿಎಂ ಕ್ಲೋರಿನ್ ತನಕ ಹೊಂದುತ್ತದೆ. ಬಕೀಟಿನಲ್ಲೇ ಹಾಕಿ ಕಲಕಿ, ಐದು ನಿಮಿಷ ಬಿಟ್ಟು ತೊಟ್ಟಿಗೆ ಸುರಿಯಿರಿ.

ಇನ್ನೊಂದು, ಆ ಬಿಳಿ ಕಲ್ಲು. ಒಂದನ್ನು ಹೊರಗೆ ತೆಗೆದು ಒಣಗಿಸಿ, ಬಚ್ಚಲು ತೊಳೆಯುವ ಆಸಿಡ್ ಎರಡು ಹನಿ ಬಿಡಿ. ನೊರೆ ಬಂದರೆ ಸುಣ್ಣದ ಕಲ್ಲು ಅಥವಾ ಅಮೃತಶಿಲೆ, ದಿನದಿನಕ್ಕೂ ಗಡಸು ಏರಿಸುತ್ತಿರುತ್ತದೆ. ಪರೀಕ್ಷೆ ಮಾಡಿದ ಕಲ್ಲನ್ನು ಮತ್ತೆ ತೊಟ್ಟಿಗೆ ಹಾಕಬೇಡಿ.

ಬೆಟಗೇರಿ_ಗಪ್ಪಿ

ಒಂದು ಸೇರಿಸ್ತೀನಿ. ಬ್ಯಾಸಿಗ್ಯಾಗ ನೀರು ಆರಿ ಕಡಿಮಿ ಆದಾಗ ಬೋರ್ ನೀರಲೇ ತುಂಬಿಸಬ್ಯಾಡ್ರಿ. ಆರೋದು ನೀರು ಅಷ್ಟ, ಲವಣ ಅಲ್ಲೇ ಉಳೀತೈತಿ. ಆರಿದ್ದಕ್ಕ ಆರ್‌ಓ ಇಲ್ಲಾ ಮಳಿ ನೀರು, ಬದಲಿಸೋದಕ್ಕ ಮಿಶ್ರಣದ ನೀರು. ಗದಗ ಕಡೆ ಬೋರು ಇದಕ್ಕಿಂತ ಗಡಸು, ಇಲ್ಲಿ ಹಿಂಗ ಮಾಡದಿದ್ರ ನಾಕು ತಿಂಗಳಿಗೆ ಗಾಜಿನ ಅಂಚಿಗೆ ಬಿಳಿ ಪದರು ಕಟ್ಟತೈತಿ.

ರಾಣೆಬೆನ್ನೂರು_ಹಸಿರು

ಎಲ್ಲರೂ ಬೆಳಕು, ನೀರು ಹೇಳಿದರು. ನನ್ನ ಪ್ರಕಾರ ಈ ತೊಟ್ಟಿಯ ದೊಡ್ಡ ಕೊರತೆ ಗಿಡ. ಅನುಬಿಯಾಸ್ ತಿಂಗಳಿಗೆ ಒಂದೆರಡು ಎಲೆ ಬಿಡುವ ಗಿಡ, ಅದು ಅಮೋನಿಯಾ ಎಳೆಯುವ ವೇಗ ಲೆಕ್ಕಕ್ಕಿಲ್ಲ. ವ್ಯಾಲಿಸ್ನೇರಿಯಾ ಬೇರೂರುವ ತನಕ ಸುಮ್ಮನಿರುತ್ತದೆ. ಮೊದಲ ಎರಡು ತಿಂಗಳಿಗೆ ಓಡಿ ಬೆಳೆಯುವ ಗಿಡ ಬೇಕು: ಹಾರ್ನ್‌ವರ್ಟ್, ಹೈಡ್ರಿಲ್ಲಾ, ವಾಟರ್ ಸ್ಪ್ರೈಟ್. ಮೇಲೆ ತೇಲಲು ಸಾಲ್ವೀನಿಯಾ. ಇವು ನೀರಿನಿಂದ ನೈಟ್ರೇಟಿಗಿಂತ ಮೊದಲು ಅಮೋನಿಯಾವನ್ನೇ ಹೀರುತ್ತವೆ. ತೇಲುವ ಗಿಡಕ್ಕೆ ಗಾಳಿಯ ಕಾರ್ಬನ್ ಡೈ ಆಕ್ಸೈಡ್ ಸಿಗುವುದರಿಂದ ನಿಮ್ಮ ಹೆಚ್ಚಿನ ಬೆಳಕನ್ನು ಅದು ಬಳಸಿಕೊಂಡು, ಕೆಳಗಿನ ಅನುಬಿಯಾಸ್‌ಗೆ ನೆರಳೂ ಕೊಡುತ್ತದೆ. 46 ಲೀಟರಿಗೆ 8–10 ಹಾರ್ನ್‌ವರ್ಟ್ ಕಡ್ಡಿ, ಮೇಲ್ಮೈಯ ಮೂರನೆಯ ಒಂದು ಭಾಗ ಸಾಲ್ವೀನಿಯಾ. ಅದಕ್ಕಿಂತ ಹೆಚ್ಚು ಮುಚ್ಚಿದರೆ ಗಾಳಿಯಾಡುವುದಿಲ್ಲ.

ಉಣಕಲ್ ಕೆರೆಯಿಂದಲೋ ಕೆಲಗೇರಿ ಕೆರೆಯಿಂದಲೋ ಕಿತ್ತು ತರಬೇಡಿ. ಅಲ್ಲಿ ಅಂತರಗಂಗೆ ಹಬ್ಬುವುದೇ ನೀರಿನಲ್ಲಿ ಪೋಷಕಾಂಶ ಉಕ್ಕುತ್ತಿರುವುದರಿಂದ. ಗಿಡದ ಜೊತೆ ಪಾಚಿ, ಜಿಗಣೆ, ಕೊಡತಿ ಹುಳದ ಮರಿ ಎಲ್ಲ ಬರುತ್ತವೆ. ಅಂಗಡಿಯ ಗಿಡವನ್ನೂ ಪೊಟ್ಯಾಸಿಯಂ ಪರ್ಮಾಂಗನೇಟ್ ನೀರಿನಲ್ಲಿ ಅದ್ದಿ: 1 ಲೀಟರಿಗೆ 10 ಮಿಲಿಗ್ರಾಂ, ಅಂದರೆ 10 ಲೀಟರ್ ಬಕೀಟಿಗೆ 0.1 ಗ್ರಾಂ, ತಿಳಿ ಗುಲಾಬಿ ಬಣ್ಣ, 10 ನಿಮಿಷ. ಆಮೇಲೆ ಎರಡು ಸಲ ಒಳ್ಳೆಯ ನೀರಿನಲ್ಲಿ ಜಾಲಿಸಿ.

ಗಿಡ ಸೊರಗಿತೆಂದು ಹೊಲದ 19:19:19 ಗೊಬ್ಬರ ಹಾಕುವವರಿದ್ದಾರೆ, ದಯವಿಟ್ಟು ಬೇಡ. ಅದರ ಸಾರಜನಕದಲ್ಲಿ ಹೆಚ್ಚಿನದು ಯೂರಿಯಾ ಮತ್ತು ಅಮೋನಿಯಂ ರೂಪದ್ದು. ವಾರದೊಳಗೆ ನೀರು ಹೆಸರುಕಾಳಿನ ಬಣ್ಣಕ್ಕೆ ತಿರುಗುತ್ತದೆ, ಮೀನೂ ಉಳಿಯುವುದಿಲ್ಲ.

ಗೋಕುಲರೋಡ್_ಯುವಿ

ಹಸಿರು ನೀರಿಗೆ ಇಷ್ಟೆಲ್ಲ ಕಾಯುವ ಅಗತ್ಯವಿಲ್ಲ. 5ರಿಂದ 7 ವ್ಯಾಟಿನ ಯುವಿ (ಅತಿನೇರಳೆ ಕಿರಣದ) ದೀಪವಿರುವ ಒಳಗಿನ ಫಿಲ್ಟರ್ ಹಾಕಿ 24 ತಾಸೂ ಓಡಿಸಿದರೆ ನಾಲ್ಕೈದು ದಿನದಲ್ಲಿ ನೀರು ತಿಳಿಯಾಗುತ್ತದೆ. ದೀಪ ಮುಚ್ಚಿದ ಕೊಳವೆಯೊಳಗೇ ಇರಬೇಕು, ಬರಿಗಣ್ಣಿಗೆ ಕಾಣಬಾರದು. ಸ್ಪಂಜಿನ ಬ್ಯಾಕ್ಟೀರಿಯಾಕ್ಕೆ ತೊಂದರೆ ಇಲ್ಲ, ಏಕೆಂದರೆ ಅವು ಅಂಟಿಕೊಂಡು ಬದುಕುವಂಥವು. ದಿಂಬಿನ ಬಿಳಿ ಹತ್ತಿ ತುಂಬಿ ಸೋಸುವ ಪ್ರಯತ್ನ ವ್ಯರ್ಥ. ಈ ಪಾಚಿಯ ಕಣ ಕೆಲವೇ ಮೈಕ್ರಾನ್, ಹತ್ತಿಯೊಳಗಿಂದ ನುಸುಳಿಹೋಗುತ್ತದೆ. ಯುವಿ ಬೇಡವಾದರೆ ಮೂರು ದಿನ ದಪ್ಪ ಕಂಬಳಿ ಮುಚ್ಚಿ ಕತ್ತಲೆ ಮಾಡಿ.

ಸಾಧನಕೇರಿ_ಜಲಗಿಡ

ಯುವಿ ಸರಿ. ಕತ್ತಲೆ ಮಾತ್ರ ಈಗ ಬೇಡ, ಇದನ್ನು ಒತ್ತಿ ಹೇಳುತ್ತೇನೆ. ಅಮೋನಿಯಾ 1 ಪಿಪಿಎಂ, ಪಿಎಚ್ 8.2 ಇರುವಾಗ ನೀರಿನ ಪಾಚಿಯನ್ನೆಲ್ಲ ಒಟ್ಟಿಗೆ ಸಾಯಿಸಿದರೆ ಅದು ಕೊಳೆತು ಇನ್ನಷ್ಟು ಅಮೋನಿಯಾ ಆಗುತ್ತದೆ. ಸದ್ಯ ಆ ಹಸಿರು ಪಾಚಿ ಕೂಡ ಅಮೋನಿಯಾ ತಿಂದು ಮೀನುಗಳನ್ನು ಉಳಿಸುತ್ತಿದೆ. ಟೆಸ್ಟಿನಲ್ಲಿ ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆ ಬಂದ ಮೇಲೂ ನೀರು ಹಸಿರಿದ್ದರೆ ಆಗ ಕತ್ತಲೆ: ಮೊದಲು ಅರ್ಧ ನೀರು ಬದಲಿಸಿ, ಮೂರು ದಿನ ಮುಚ್ಚಿ, ಕಾಳು ಹಾಕದೆ, ಗಾಳಿ ಪಂಪು ಬಿಡದೆ ಓಡಿಸಿ, ತೆಗೆದ ದಿನ ಮತ್ತೆ ಅರ್ಧ ಬದಲಿಸಿ. ಯುವಿಯಲ್ಲೂ ಪಾಚಿ ಸಾಯುತ್ತದೆ, ಆದರೆ ಸ್ವಲ್ಪಸ್ವಲ್ಪವಾಗಿ, ನಡುವೆ ನೀರು ಬದಲಿಸಲು ಸಮಯ ಸಿಗುತ್ತದೆ.

ಗೋಕುಲರೋಡ್_ಯುವಿ

ಒಪ್ಪಿದೆ. ಅಮೋನಿಯಾ ಓದುವ ಮೊದಲೇ ಬರೆಯಬಾರದಿತ್ತು. ಯುವಿ ಹಚ್ಚಿದರೂ ದಿನ ಬಿಟ್ಟು ದಿನದ ನೀರಿನ ಬದಲಾವಣೆ ನಿಲ್ಲಿಸಬೇಡಿ.

ನವನಗರ_2ಫೂಟು

ಆ ನೀಲಿ ಔಷಧಿ ಏಕೆ ಬೇಡ ಎಂದು ಯಾರೂ ಬರೆಯಲಿಲ್ಲ. ಕಪ್ಪು ಕೂದಲಿಗೆ ಹೈಡ್ರೋಜನ್ ಪೆರಾಕ್ಸೈಡ್ ಆಗುತ್ತೆ ಅಂತ ಓದಿದೆ, ಅಳತೆ ಹೇಳಿ.

ಕೇಶ್ವಾಪುರ_ಸಂಪು

ನೀಲಿ ಬಣ್ಣದ್ದು ಸಾಮಾನ್ಯವಾಗಿ ತಾಮ್ರದ ಲವಣ, ಹೊಲಕ್ಕೆ ಬೋರ್ಡೋ ದ್ರಾವಣ ಮಾಡುವ ಮೈಲುತುತ್ತದ ಬಳಗ. ಲೇಬಲ್ಲಿನಲ್ಲಿ ತಾಮ್ರ ಅಥವಾ ಕಾಪರ್ ಇದೆಯೇ ನೋಡಿ. ಬಸವನಹುಳು ಮತ್ತು ಸಿಗಡಿಗೆ ಬಹಳ ಕಡಿಮೆ ಪ್ರಮಾಣದಲ್ಲೇ ಮಾರಕ, ಮರಳಿನಲ್ಲಿ ಕುಳಿತು ಮುಂದೆಯೂ ಕಾಡುತ್ತದೆ. ಸತ್ತ ಪಾಚಿ ಅಮೋನಿಯಾ ಆಗುವ ತೊಂದರೆ ಇದಕ್ಕೂ ಇದೆ.

ಪೆರಾಕ್ಸೈಡ್ ವಿಷಯದಲ್ಲಿ ಎಲ್ಲರೂ ಎಡವುವುದು ಒಂದೇ ಕಡೆ. ನಮ್ಮ ಮೆಡಿಕಲ್ ಅಂಗಡಿಯಲ್ಲಿ ಸಿಗುವ ಬಾಟಲಿ ಹೆಚ್ಚಾಗಿ 20 ವಾಲ್ಯೂಮ್, ಅಂದರೆ 6%. ಇಂಟರ್‌ನೆಟ್ಟಿನ ಅಳತೆಗಳೆಲ್ಲ 3% ಲೆಕ್ಕದ್ದು. ಸಮ ಪ್ರಮಾಣ ಆರ್‌ಓ ನೀರು ಬೆರೆಸಿ 3% ಮಾಡಿಕೊಂಡೇ ಮುಂದುವರಿಯಿರಿ. ಗ್ಲೌಸ್ ಹಾಕಿ.

ನಿಮ್ಮ ಅನುಬಿಯಾಸ್ ಕಲ್ಲಿಗೆ ಕಟ್ಟಿದ್ದು, ಹಾಗಾಗಿ ತೊಟ್ಟಿಯೊಳಗೆ ಸುರಿಯುವ ಅಗತ್ಯವೇ ಇಲ್ಲ. ಕಲ್ಲಿನ ಸಮೇತ ಹೊರಗೆ ತೆಗೆಯಿರಿ. ಅರ್ಧಕ್ಕಿಂತ ಹೆಚ್ಚು ಕಪ್ಪು ಹಿಡಿದ ಎಲೆಯನ್ನು ಬುಡದಲ್ಲಿ ಕತ್ತರಿಸಿ, ಅಡ್ಡ ಕಾಂಡಕ್ಕೆ ಕತ್ತರಿ ತಾಗಬಾರದು. ಉಳಿದ ಎಲೆಗಳ ಪಾಚಿಯ ಮೇಲೆ ಸಿರಿಂಜಿನಿಂದ 3% ದ್ರಾವಣ ಹನಿಸಿ, 3 ನಿಮಿಷ ಬಿಟ್ಟು, ತೊಟ್ಟಿಯ ನೀರಿನಲ್ಲಿ ಜಾಲಿಸಿ ವಾಪಸ್ ಇಡಿ. ಎರಡು ಮೂರು ದಿನಕ್ಕೆ ಪಾಚಿ ಕೆಂಪಾಗಿ ಆಮೇಲೆ ಬೆಳ್ಳಗಾಗುತ್ತದೆ, ಆಗ ಮಾಲಿಗಳು ಕಚ್ಚಿ ತಿನ್ನುತ್ತವೆ. ತೆಗೆಯಲಾಗದ ಜಾಗದಲ್ಲಿ ಮಾತ್ರ ತೊಟ್ಟಿಯೊಳಗೆ: ಫಿಲ್ಟರ್ ನಿಲ್ಲಿಸಿ, ಪಾಚಿಗೆ ಹತ್ತಿರ ಸಿರಿಂಜು ಹಿಡಿದು ನಿಧಾನ ಬಿಡಿ, 10 ನಿಮಿಷದ ನಂತರ ಫಿಲ್ಟರ್ ಹಚ್ಚಿ. ದಿನಕ್ಕೆ ಒಟ್ಟು ಲೀಟರಿಗೆ 1 ಮಿಲೀ ದಾಟಬಾರದು, ನಿಮಗೆ 46 ಮಿಲೀ. ಅರ್ಧದಿಂದ ಶುರು ಮಾಡಿ. ವ್ಯಾಲಿಸ್ನೇರಿಯಾ, ಹಾರ್ನ್‌ವರ್ಟ್ ಮೇಲೆ ಬೀಳದಂತೆ ನೋಡಿಕೊಳ್ಳಿ, ಎಲೆ ಕರಗುತ್ತದೆ.

ರಾಣೆಬೆನ್ನೂರು_ಹಸಿರು

ಸಕ್ಕರ್ ಮೀನಿನ ಬಗ್ಗೆ. ಅಂಗಡಿಯಲ್ಲಿ 2 ಇಂಚು ಇರುವುದು ಬೆಳೆದರೆ ಒಂದು ಫೂಟು ದಾಟುತ್ತದೆ, ನಿಮ್ಮ ತೊಟ್ಟಿಯ ಅಗಲವೇ 12 ಇಂಚು. ಪಾಚಿ ತಿನ್ನುವುದಕ್ಕಿಂತ ಹೆಚ್ಚು ಹೊಲಸು ಮಾಡುತ್ತದೆ. ದೊಡ್ಡದಾದ ಮೇಲೆ ಕೆರೆಗೆ ಬಿಡುವುದು ಇನ್ನೂ ದೊಡ್ಡ ಅನಾಹುತ: ದಂಡೆ ಕೊರೆದು ಗೂಡು ಮಾಡುತ್ತದೆ, ನಮ್ಮ ಮೀನಿನ ಮೊಟ್ಟೆ ತಿನ್ನುತ್ತದೆ, ಮೀನುಗಾರರ ಬಲೆ ಹರಿಯುತ್ತದೆ. ಚೈನೀಸ್ ಆಲ್ಗೆ ಈಟರ್ ಕೂಡ ಬೇಡ, ಬೆಳೆದಂತೆ ಪಾಚಿ ಬಿಟ್ಟು ಬೇರೆ ಮೀನಿನ ಮೈ ಹೀರಲು ಹೋಗುತ್ತದೆ.

ನಿಮ್ಮ ನೀರಿಗೆ ಹೇಳಿ ಮಾಡಿಸಿದ್ದು ನೆರೈಟ್ ಬಸವನಹುಳು. ಗಡಸು ನೀರಿನಲ್ಲಿ ಚಿಪ್ಪು ಗಟ್ಟಿ ಇರುತ್ತದೆ, ಸಿಹಿನೀರಿನಲ್ಲಿ ಮೊಟ್ಟೆ ಒಡೆದು ಮರಿಯಾಗುವುದಿಲ್ಲ, ಹೀಗಾಗಿ ಸಂತತಿ ಮಿತಿಮೀರುವ ಭಯವಿಲ್ಲ. ಗಾಜಿನ ಮೇಲೆ ಬಿಳಿ ಚುಕ್ಕಿ ಮೊಟ್ಟೆ ಇಡುತ್ತದೆ ಅಷ್ಟೇ. 46 ಲೀಟರಿಗೆ 3 ಸಾಕು. ಅದೂ ಅಮೋನಿಯಾ ಸೊನ್ನೆಯಾದ ಮೇಲೆ. ಒಟೋಸಿಂಕ್ಲಸ್ ಮೀನು ಚೆನ್ನಾಗಿ ಡಯಾಟಮ್ ತಿನ್ನುತ್ತದೆ, ಆದರೆ ಹೊಸ ತೊಟ್ಟಿಯಲ್ಲಿ ಬದುಕುವುದಿಲ್ಲ. ಮೂರು ನಾಲ್ಕು ತಿಂಗಳು ಬಿಟ್ಟು ಯೋಚಿಸಿ.

ಗೋಕುಲರೋಡ್_ಯುವಿ

ಟೈಮರ್ ತರುವಾಗ ಗಮನಿಸಿ. ಸುತ್ತಲೂ ಹಲ್ಲುಗಳಿರುವ ಮೆಕ್ಯಾನಿಕಲ್ ಟೈಮರ್ ಕರೆಂಟು ಹೋದಾಗ ನಿಂತುಬಿಡುತ್ತದೆ. ದಿನಕ್ಕೆ ಒಂದು ತಾಸು ಕರೆಂಟು ಹೋದರೆ ವಾರಕ್ಕೆ 7 ತಾಸು ಹಿಂದೆ ಬೀಳುತ್ತದೆ, ಮಧ್ಯಾಹ್ನದ ಲೈಟು ರಾತ್ರಿಗೆ ಜಾರುತ್ತದೆ. ಹಗಲಿನ ಕಿಟಕಿ ಬೆಳಕು, ರಾತ್ರಿ ಎಲ್‌ಇಡಿ ಎರಡೂ ಸೇರಿ ಪಾಚಿಗೆ ದಿನವಿಡೀ ಬೆಳಕು. ಒಳಗೆ ಬ್ಯಾಟರಿ ಇರುವ ಡಿಜಿಟಲ್ ಟೈಮರ್ ತನ್ನಿ, ಇಲ್ಲದಿದ್ದರೆ ಟೈಮರನ್ನು ಇನ್ವರ್ಟರ್ ಲೈನಿಗೆ ಹಾಕಿ.

ಕರೆಂಟು ಆರು ತಾಸಿಗಿಂತ ಹೆಚ್ಚು ಹೋಗಿದ್ದರೆ ಫಿಲ್ಟರನ್ನು ನೇರ ಹಚ್ಚಬೇಡಿ. ಒಳಗಿನ ನೀರು ಆಮ್ಲಜನಕವಿಲ್ಲದೆ ಕೆಟ್ಟಿರುತ್ತದೆ. ಸ್ಪಂಜನ್ನು ತೊಟ್ಟಿಯ ನೀರಿನಲ್ಲಿ ಹಿಂಡಿ ಆಮೇಲೆ ಹಚ್ಚಿ. ಪವರ್ ಬ್ಯಾಂಕಿಗೆ ಹಾಕುವ 5 ವೋಲ್ಟಿನ ಗಾಳಿ ಪಂಪು ಒಂದು ಮನೆಯಲ್ಲಿರಲಿ, ಏಪ್ರಿಲ್-ಮೇ ಬಿಸಿಯಲ್ಲಿ ನೀರು 30 ಡಿಗ್ರಿ ದಾಟಿದಾಗ ಅದೇ ಮೀನಿನ ಜೀವ.

ನವನಗರ_2ಫೂಟು

ಈಗಿನ ಸ್ಥಿತಿ: ಅಮೋನಿಯಾ 0, ನೈಟ್ರೈಟ್ 0, ನೈಟ್ರೇಟ್ 10, ಫಾಸ್ಫೇಟ್ 0. ನೀರು ತಿಳಿಯಾಗಿದೆ, ಕಂದು ಪುಡಿ ಬಹುತೇಕ ಹೋಗಿದೆ, ಹಾರ್ನ್‌ವರ್ಟ್ ಮೇಲ್ಮೈ ಮುಟ್ಟಿದೆ. ಬಿಳಿ ಕಲ್ಲು ನೊರೆ ಬಂತು, ಎಲ್ಲ ತೆಗೆದೆ. ಹೊಸದಾಗಿ ಎರಡು ಕಾಣುತ್ತಿವೆ. ಗಾಜಿನ ಮೇಲೆ ಗಟ್ಟಿ ಹಸಿರು ಚುಕ್ಕಿ, ಒರೆಸಿದರೆ ಹೋಗುವುದಿಲ್ಲ. ಮುಂದಿನ ಗಾಜಿಗೆ ತಾಗಿದ ಮರಳಿನಲ್ಲಿ ನೀಲಿ-ಹಸಿರು ಲೋಳೆ, ಹಾಳೆಯಂತೆ ಏಳುತ್ತದೆ, ಕೆಟ್ಟ ವಾಸನೆ.

ಸಾಧನಕೇರಿ_ಜಲಗಿಡ

ಗಟ್ಟಿ ಚುಕ್ಕಿ ಫಾಸ್ಫೇಟ್ ತೀರಿದ್ದರ ಲಕ್ಷಣ. ಪಾಚಿ ಬಂತೆಂದರೆ ಫಾಸ್ಫೇಟ್ ಹೆಚ್ಚಾಯಿತು ಎಂದುಕೊಳ್ಳುವುದು ರೂಢಿ, ಇದರಲ್ಲಿ ಉಲ್ಟಾ. ಗಾಜನ್ನು ಬ್ಲೇಡಿನಿಂದ ಓರೆಯಾಗಿ ಹೆರೆಯಿರಿ, ಮೂಲೆಯ ಸಿಲಿಕೋನ್ ಅಂಟಿಗೆ ಬ್ಲೇಡು ತಾಗಬಾರದು. ಅಕ್ರಿಲಿಕ್ ತೊಟ್ಟಿಯಾದರೆ ಪ್ಲಾಸ್ಟಿಕ್ ಕಾರ್ಡು ಮಾತ್ರ. ಗೊಬ್ಬರದ ಅಂಗಡಿಯಲ್ಲಿ ಹನಿ ನೀರಾವರಿಗೆ ಕೊಡುವ 0:52:34 ಸಿಗುತ್ತದೆ, ಅದು ಮೋನೊ ಪೊಟ್ಯಾಸಿಯಂ ಫಾಸ್ಫೇಟ್, ಅಮೋನಿಯಾ ಇಲ್ಲ. 7 ಗ್ರಾಂ ಕರಗಿಸಿ 500 ಮಿಲೀ ಮಾಡಿ. ಅದರ 5 ಮಿಲೀ ನಿಮ್ಮ 46 ಲೀಟರಿಗೆ ಸುಮಾರು 1 ಪಿಪಿಎಂ ಫಾಸ್ಫೇಟ್ ಕೊಡುತ್ತದೆ. ವಾರಕ್ಕೊಮ್ಮೆ, ನೀರು ಬದಲಿಸಿದ ಮೇಲೆ.

ಲೋಳೆ ಪಾಚಿಯೇ ಅಲ್ಲ, ಸಯನೋಬ್ಯಾಕ್ಟೀರಿಯಾ. ನೀರು ಓಡಾಡದ ಜಾಗದಲ್ಲಿ, ಕೊಳೆ ಕೂತ ಮರಳಿನಲ್ಲಿ ಬರುತ್ತದೆ. ಗಾಜಿಗೆ ತಾಗಿದ ಮರಳಿಗೆ ಹೊರಗಿನ ಬೆಳಕೂ ಬೀಳುತ್ತದೆ, ಅದಕ್ಕೇ ಅಲ್ಲಿ. ಪೈಪಿನಿಂದ ಹಾಳೆ ಹಾಳೆಯಾಗಿ ಎಳೆದು ತೆಗೆಯಿರಿ, ಫಿಲ್ಟರಿನ ಬಾಯಿ ಆ ಕಡೆಗೆ ತಿರುಗಿಸಿ, ಮರಳಿನ ಎತ್ತರಕ್ಕೆ ಹೊರಗಿನಿಂದ ಕಪ್ಪು ಟೇಪಿನ ಪಟ್ಟಿ ಅಂಟಿಸಿ. ನೈಟ್ರೇಟ್ 5ಕ್ಕಿಂತ ಕೆಳಗೆ ಬೀಳಲು ಬಿಡಬೇಡಿ. ಬಿದ್ದರೆ 13:0:45, ಅಂದರೆ ಪೊಟ್ಯಾಸಿಯಂ ನೈಟ್ರೇಟ್, 0.8 ಗ್ರಾಂ ಹಾಕಿದರೆ ಸುಮಾರು 10 ಪಿಪಿಎಂ ಏರುತ್ತದೆ. ಎರಿಥ್ರೋಮೈಸಿನ್ ಗುಳಿಗೆ ಹಾಕಿ ಎಂದು ಕೆಲವರು ಹೇಳಬಹುದು. ಅದು ಆ್ಯಂಟಿಬಯಾಟಿಕ್, ತೊಟ್ಟಿಯ ನೀರು ಕೊನೆಗೆ ಗಟಾರ ಸೇರುತ್ತದೆ, ಬಳಸಬೇಡಿ. ಉಳಿದರೆ ಈಗ ಮೂರು ದಿನದ ಕತ್ತಲೆ ಮಾಡಬಹುದು, ಅಮೋನಿಯಾ ಸೊನ್ನೆ ಇದೆ.

ನವನಗರ_2ಫೂಟು

ಲೈಟು 6 ತಾಸಿನಲ್ಲೇ ಇಡಲೇ? ಸಾಲ್ವೀನಿಯಾ ಅರ್ಧಕ್ಕಿಂತ ಹೆಚ್ಚು ಮುಚ್ಚಿದೆ.

ರಾಣೆಬೆನ್ನೂರು_ಹಸಿರು

ಎರಡು ವಾರ ಹೊಸ ಪಾಚಿ ಕಾಣದಿದ್ದರೆ ವಾರಕ್ಕೆ ಅರ್ಧ ತಾಸು ಏರಿಸಿ, 8 ತಾಸು ದಾಟಬೇಡಿ. ತಾಸು ಏರಿಸುವ ವಾರ ಲೈಟಿನ ಎತ್ತರ, ಗೊಬ್ಬರ, ಮೀನಿನ ಸಂಖ್ಯೆ ಮುಟ್ಟಬೇಡಿ, ಇಲ್ಲದಿದ್ದರೆ ಪಾಚಿ ಬಂದಾಗ ಯಾವುದರಿಂದ ಎಂದು ತಿಳಿಯುವುದಿಲ್ಲ. ಸಾಲ್ವೀನಿಯಾವನ್ನು ವಾರಕ್ಕೊಮ್ಮೆ ಮೂರನೆಯ ಒಂದಕ್ಕೆ ಇಳಿಸಿ. ತೆಗೆದದ್ದನ್ನು ಗಟಾರಕ್ಕೋ ಕೆರೆಗೋ ಎಸೆಯಬೇಡಿ, ಅಲ್ಲಿ ಹಬ್ಬಿದರೆ ತೆಗೆಯುವುದು ಅಸಾಧ್ಯ. ಟೆರೇಸಿನ ಬಿಸಿಲಿನಲ್ಲಿ ಪೂರ್ತಿ ಒಣಗಿಸಿ ಹೂವಿನ ಕುಂಡಕ್ಕೆ ಹಾಕಿ.